ಗುಡ್ಡದ ಸೀಮೆಯವರ ಒಂದು ಸೆಂಟಿಮೀಟರ್

ಬಾಸ್ಕೆಟ್‌ಬಾಲ್ ಸಂಸ್ಥೆಯ ಕಚೇರಿಯಲ್ಲಿ ಎಲ್ಲರಿಗೂ ಎಲ್ಲದರ ಬಗ್ಗೆಯೂ ಒಂದೊಂದು ಅಭಿಪ್ರಾಯ. ಫ್ಯಾನ್ ಎಷ್ಟರಲ್ಲಿ ಓಡಬೇಕು ಎನ್ನುವುದರ ಮೇಲೂ ಅಲ್ಲಿ ಒಮ್ಮತವಿರಲಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: ಒಳ್ಳೆಯ ಆಟಗಾರ್ತಿಯರು ಬೇಕೆಂದರೆ ಗುಡ್ಡದ ಸೀಮೆಗೇ ಹೋಗಬೇಕು. ಯಾಕೆ ಎಂದು ಕೇಳಿಬಿಟ್ಟರೆ ಮತ್ತೆ ಜಗಳ. ಅಧ್ಯಕ್ಷರು ಅಲ್ಲಿಯ ನೀರಿನ ಗುಣ ಎನ್ನುತ್ತಿದ್ದರು. ದಿನಾ ಏರಿ ಇಳಿದು ಮೀನಖಂಡ ಗಟ್ಟಿಯಾಗುತ್ತದೆ ಎನ್ನುವುದು ಕಾರ್ಯದರ್ಶಿಯ ಸಿದ್ಧಾಂತ. ಬಂದರಿನ ಸೀಮೆಯ ಮಾತು ಬಂದರೆ ಮಾತ್ರ ಇಬ್ಬರೂ ಒಟ್ಟಿಗೆ ಮೂಗು ಮುರಿಯುತ್ತಿದ್ದರು. ಅಲ್ಲಿಯವರಿಗೆ ಬಾಯಿ ಜೋರು, ಬೆಳವಣಿಗೆ ಕಡಿಮೆ ಎಂದು ನಗುತ್ತಿದ್ದರು.

ಅಭಿಪ್ರಾಯ ಹೇಳದೆ ಇದ್ದವಳು ಒಬ್ಬಳೇ, ಅಳತೆಯಕ್ಕ. ಹುಡುಗಿಯರು ಇಟ್ಟ ಹೆಸರು ಅದು. ಈಗ ಅಧ್ಯಕ್ಷರ ಬಾಯಲ್ಲೂ ಅದೇ. ಹತ್ತೊಂಬತ್ತು ವರ್ಷಗಳಿಂದ ಅವಳದು ಒಂದೇ ಕೆಲಸ. ವರ್ಷಕ್ಕೊಮ್ಮೆ ಗುಡ್ಡದ ಸೀಮೆ, ಬಯಲಿನ ಸೀಮೆ, ಬಂದರಿನ ಸೀಮೆ ಮೂರಕ್ಕೂ ಹೋಗಿ, ಹದಿನಾರು ಹದಿನೇಳರ ಹುಡುಗಿಯರನ್ನು ಅಳತೆಕೋಲಿಗೆ ನಿಲ್ಲಿಸಿ ಎತ್ತರ ಬರೆದುಕೊಳ್ಳುವುದು. ನೂರ ಎಪ್ಪತ್ತೆಂಟು ಸೆಂಟಿಮೀಟರ್ ಇದ್ದರೆ ಸಂಸ್ಥೆಯ ತರಬೇತಿ ಶಾಲೆಗೆ ಪ್ರವೇಶ. ಅಲ್ಲಿ ಆರು ವರ್ಷ ಪಳಗಿದವರನ್ನು ಲೀಗಿನ ಕ್ಲಬ್ಬುಗಳು ಎತ್ತಿಕೊಂಡು ಹೋಗುತ್ತಿದ್ದವು. ಕೂದಲೆಳೆಯಷ್ಟು ಕಡಿಮೆಯಾದರೂ ವಾಪಸ್ ಮನೆಗೆ. ಅಳತೆಯಕ್ಕ ದಾಕ್ಷಿಣ್ಯಕ್ಕೆ ಬೀಳುವ ಹೆಂಗಸಲ್ಲ ಎಂಬುದು ಮೂರು ಸೀಮೆಗೂ ಗೊತ್ತಿತ್ತು. ಹನ್ನೆರಡು ವರ್ಷದ ಹಿಂದೆ ಬಂದರಿನ ಸೀಮೆಯಲ್ಲಿ ತನ್ನ ಒಡಹುಟ್ಟಿದ ತಂಗಿಯನ್ನೇ, ಅದೂ ಎತ್ತಿ ಆಡಿಸಿ ಬೆಳೆಸಿದ ತಂಗಿಯನ್ನೇ, ನೂರ ಎಪ್ಪತ್ತೇಳು ಪಾಯಿಂಟ್ ನಾಲ್ಕು ಎಂದು ಬರೆದು ಮನೆಗೆ ಕಳಿಸಿದವಳು ಅವಳು. ಹೊಸದಾಗಿ ಸೇರಿದವರಿಗೆ ಕಾರ್ಯದರ್ಶಿ ಈ ಕತೆಯನ್ನು ಕಣ್ಣರಳಿಸಿ ಹೇಳುತ್ತಿದ್ದರು. ಅವಳು ಕೇಳಿಸದವಳ ಹಾಗೆ ಕೂತಿರುತ್ತಿದ್ದಳು. ಒಳಗೊಳಗೆ ಹೆಮ್ಮೆಯಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಎಲ್ಲ ಕೆಟ್ಟದ್ದು ಈ ಹತ್ತೊಂಬತ್ತನೆಯ ವರ್ಷ, ತರಬೇತಿ ಶಾಲೆಗೆ ಹೊಸ ಫಿಸಿಯೋ ಬಂದ ಮೇಲೆ. ವಿಮೆಯ ಕಾಗದಕ್ಕೆಂದು ಆಕೆ ಒಂದು ಸಂಜೆ ಅಭ್ಯಾಸ ಮುಗಿದ ನಂತರ ಹುಡುಗಿಯರನ್ನೆಲ್ಲ ಅಳೆದಳು. ಗುಡ್ಡದ ಸೀಮೆಯ ಹತ್ತೊಂಬತ್ತು ಹುಡುಗಿಯರಲ್ಲಿ ಹನ್ನೊಂದು ಜನ ನೂರ ಎಪ್ಪತ್ತೆಂಟಕ್ಕಿಂತ ಕೆಳಗೆ. ಪಟ್ಟಿಯನ್ನು ಅಳತೆಯಕ್ಕನಿಗೆ ಕಳಿಸಿ, ಅಡಿಯಲ್ಲಿ ವಿನಯವಾಗಿಯೇ ಬರೆದಿದ್ದಳು: ದಯವಿಟ್ಟು ಒಮ್ಮೆ ಪರಿಶೀಲಿಸಿ.

ಅಳತೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆ ಮೊನ್ನೆ ಬಂದ ಹುಡುಗಿ, ಅಂಗಡಿಯಲ್ಲಿ ಸಿಗುವ ಟೇಪು ಹಿಡಿದುಕೊಂಡು ತನಗೆ ಅಳತೆ ಕಲಿಸುವುದೇ? ಆದರೂ ಹುಳ ಹೊಕ್ಕಿತ್ತು. ಕೋಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತೂಕ ಮತ್ತು ಅಳತೆ ಇಲಾಖೆಗೆ ಹೋದಳು. ಅಲ್ಲಿಯ ಇನ್ಸ್‌ಪೆಕ್ಟರು ಕೋಲನ್ನು ಮೇಲಿಂದ ಕೆಳಗೆ ಪರೀಕ್ಷಿಸಿ, ಇಷ್ಟು ಸರಿಯಾದ ಕೋಲು ನಮ್ಮ ಇಲಾಖೆಯಲ್ಲೇ ಇಲ್ಲ ಎಂದು ಒಂದು ಕಾಗದಕ್ಕೆ ಮುದ್ರೆ ಒತ್ತಿಕೊಟ್ಟರು. ಅವಳು ಗೆದ್ದವಳ ಹಾಗೆ ನೇರ ಫಿಸಿಯೋ ಕೋಣೆಗೆ ನುಗ್ಗಿದಳು.

ಫಿಸಿಯೋ ಒಬ್ಬಳ ಮಂಡಿಗೆ ಪಟ್ಟಿ ಸುತ್ತುತ್ತಿದ್ದಳು. ತಲೆಯೆತ್ತಿ, "ಅಕ್ಕ, ನೀವು ಇವರನ್ನ ಯಾವಾಗ ಅಳೆದಿದ್ದು?" ಅಂದಳು.

"ಆಯಾ ವರ್ಷ. ಆರಿಸಿದಾಗ."

"ಅದಲ್ಲ. ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಆರೂವರೆಗೆ. ಹಾಸಿಗೆಯಿಂದ ಎದ್ದು ನೇರ ಕೋಲಿಗೇ ಬರ್ತಾರೆ. ಒಂಬತ್ತಕ್ಕೆ ನಂಗೆ ಬಸ್ಸು."

"ಹಾಗಾದ್ರೆ ನಿಮ್ಮದೂ ಸರಿ, ನಂದೂ ಸರಿ, ಬಿಡಿ," ಎಂದಳು ಫಿಸಿಯೋ, ಅದೇನೂ ದೊಡ್ಡ ಸಂಗತಿಯಲ್ಲ ಎನ್ನುವ ಹಾಗೆ. "ರಾತ್ರಿ ಮಲಗಿದಾಗ ಬೆನ್ನುಮೂಳೆ ಹಿಗ್ಗುತ್ತೆ. ನಿಂತು, ಓಡಿ, ಹಾರಿ ಸಂಜೆ ಹೊತ್ತಿಗೆ ಕುಗ್ಗುತ್ತೆ. ಒಂದು ಸೆಂಟಿಮೀಟರ್, ಕೆಲವರಿಗೆ ಒಂದೂವರೆ. ಮೊದಲನೇ ವರ್ಷದ ಪುಸ್ತಕದಲ್ಲೇ ಇದೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಅಳತೆಯಕ್ಕ ಕೋಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡಳು. ಹೊರಗೆ ಬಂದಾಗ ಮುದ್ರೆ ಒತ್ತಿದ ಕಾಗದ ಅಲ್ಲೇ ಮರೆತು ಬಂದಿದ್ದಳು. ವಾಪಸ್ ಹೋಗಿ ತರಲಿಲ್ಲ.

ಅವತ್ತಿನಿಂದ ಅವಳು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಮರುದಿನ ಬೆಳಿಗ್ಗೆ ಗಂಡನನ್ನು ಹಲ್ಲುಜ್ಜುವ ಮೊದಲೇ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಗೆರೆ ಎಳೆದಳು. ಸಂಜೆ ಅವನು ಡಿಪೋದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮತ್ತೆ ನಿಲ್ಲಿಸಿದಳು. ಗೆರೆಗಳ ನಡುವೆ ಕಿರುಬೆರಳು ಹೋಗುವಷ್ಟು ಜಾಗ. ಪಕ್ಕದ ಮನೆಯ ದರ್ಜಿ, ಕಚೇರಿಯ ಕಾವಲುಗಾರ, ಹಾಲು ಹಾಕುವ ಹೆಂಗಸು, ಯಾರನ್ನೂ ಬಿಡಲಿಲ್ಲ. ವಾರ ಕಳೆಯುವುದರೊಳಗೆ ಬೀದಿಯವರೆಲ್ಲ ಅವಳನ್ನು ಕಂಡರೆ ಬೇರೆ ಗಲ್ಲಿಗೆ ತಿರುಗುತ್ತಿದ್ದರು. ಎಲ್ಲರೂ ಸಂಜೆಗೆ ಕುಳ್ಳಗಾಗುತ್ತಿದ್ದರು, ಅವಳೂ ಸೇರಿ.

ಆಮೇಲೆ ಕಪಾಟಿನ ಹಳೆಯ ಪ್ರವಾಸ ಪಟ್ಟಿಗಳನ್ನು ತೆಗೆದಳು. ಗುಡ್ಡದ ಸೀಮೆ: ಹಿಂದಿನ ದಿನವೇ ತಲುಪುವುದು, ಬೆಳಿಗ್ಗೆ ಆರೂವರೆಗೆ ಅಳತೆ. ಬಯಲಿನ ಸೀಮೆ: ಮಧ್ಯಾಹ್ನ ಹನ್ನೆರಡು. ಬಂದರಿನ ಸೀಮೆ: ನಾಲ್ಕೂವರೆಗೆ ಬಸ್ಸು ಇಳಿಯುವುದು, ಐದೂವರೆಗೆ ಅಳತೆ. ಹತ್ತೊಂಬತ್ತು ವರ್ಷವೂ ಹೀಗೆಯೇ. ಲೀಗಿಗೆ ಹೋದವರ ಲೆಕ್ಕ ಪಕ್ಕದಲ್ಲಿಟ್ಟು ನೋಡಿದಳು. ಗುಡ್ಡದವರು ಮೂವತ್ತೊಂಬತ್ತು, ಬಯಲಿನವರು ಒಂಬತ್ತು, ಬಂದರಿನವರು ಇಬ್ಬರು. ನೀರೂ ಅಲ್ಲ, ಮೀನಖಂಡವೂ ಅಲ್ಲ.

ಆ ವೇಳೆಗಳನ್ನು ಕೂರಿಸಿಕೊಟ್ಟವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಅವಳ ಗಂಡ. ಹೊಸದಾಗಿ ಮದುವೆಯಾದಾಗ, ಹೆಂಡತಿ ಬೇಗ ಬೇಗ ಮನೆಗೆ ಬರಲಿ ಎಂದು ಒಳ್ಳೊಳ್ಳೆಯ ಬಸ್ಸು ಆರಿಸಿಕೊಟ್ಟಿದ್ದ. ವಿಷಯ ಕೇಳಿ ಅವನು ಮೊದಲು ನಕ್ಕ.

"ಹಾಗಾದ್ರೆ ಇಷ್ಟು ವರ್ಷ ಈ ದೇಶದ ಬಾಸ್ಕೆಟ್‌ಬಾಲ್ ನಡೆಸಿದ್ದು ನಾನೇ ಅನ್ನು."

ಅವಳು ನಗಲಿಲ್ಲ. ಅವನೂ ನಿಲ್ಲಿಸಿದ. ತಟ್ಟೆ ಪಕ್ಕಕ್ಕೆ ಸರಿಸಿ, "ನಿನ್ನ ತಂಗೀನ ಅಳೆದದ್ದು ಎಷ್ಟು ಹೊತ್ತಿಗೆ?" ಎಂದು ಕೇಳಿದ.

"ಐದೂವರೆಗೆ," ಅಂದಳು. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ತಂಗಿಯ ಜೊತೆ ಮಾತು ಬಿಟ್ಟಿರಲಿಲ್ಲ. ಅದೇ ಕಷ್ಟ. ಮಾತು ಬಿಟ್ಟಿದ್ದರೆ ಒಂದು ರೀತಿ ಸುಲಭವಾಗುತ್ತಿತ್ತು. ತಂಗಿ ಈಗ ಬಂದರಿನ ಶಾಲೆಯೊಂದರಲ್ಲಿ ಕೋಚ್; ವಾರಕ್ಕೊಮ್ಮೆ ಫೋನು. ಅಮ್ಮನ ಮಂಡಿನೋವು, ಸೋರುವ ಚಾವಣಿ, ಯಾರದೋ ಮದುವೆ, ಎಲ್ಲ ಬರುತ್ತಿತ್ತು. ಚೆಂಡಿನ ಮಾತು ಮಾತ್ರ ಬರುತ್ತಿರಲಿಲ್ಲ. ವರ್ಷಕ್ಕೊಂದು ಸಂಜೆ ಅಕ್ಕ ಕೋಲು ಹಿಡಿದು ಹೋಗುತ್ತಿದ್ದಳು, ತಂಗಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸುತ್ತಿದ್ದಳು, ಇಬ್ಬರೂ ಬೇಕಾದಷ್ಟೇ ಮಾತಾಡಿ ಮುಗಿಸುತ್ತಿದ್ದರು. ಈಗ ಅವಳ ಮುಂದೆ ನಿಂತು, ನಿನ್ನ ಬದುಕು ಮುರಿದದ್ದು ನಿನ್ನ ಎತ್ತರವಲ್ಲ, ನನ್ನ ಬಸ್ಸು ಎಂದು ಹೇಗೆ ಹೇಳುವುದು? ಅಳತೆಯಕ್ಕ ಮೂರು ಸಲ ಫೋನು ಎತ್ತಿ ಮೂರು ಸಲವೂ ಅಮ್ಮನ ಮಂಡಿ ವಿಚಾರಿಸಿ ಇಟ್ಟಳು.

ಆದರೆ ಕಾಯಲು ಸಮಯವಿರಲಿಲ್ಲ. ಕಾರ್ಯದರ್ಶಿಯವರು "ಅತ್ಯುತ್ತಮ ಆಟಗಾರ್ತಿಯರು ಎಲ್ಲಿಂದ ಬರುತ್ತಾರೆ?" ಎಂಬ ವರದಿ ಮುದ್ರಿಸಿ ತಂದಿದ್ದರು. ಶುಕ್ರವಾರದ ಸಭೆಯಲ್ಲಿ ಅದರ ಆಧಾರದ ಮೇಲೆ ಬಂದರಿನ ಸೀಮೆಯ ಆಯ್ಕೆಯನ್ನೇ ನಿಲ್ಲಿಸುವ ಠರಾವು. ಅದು ಪಾಸಾದರೆ ಇನ್ನು ಆ ಕಡೆಯ ಹುಡುಗಿ ಎಂಟಡಿ ಬೆಳೆದರೂ ಯಾರೂ ನೋಡಲು ಹೋಗುವುದಿಲ್ಲ.

ಸಭೆಯಲ್ಲಿ ಅವಳು ಎದ್ದು ನಿಂತಾಗ, ಹತ್ತೊಂಬತ್ತು ವರ್ಷದಲ್ಲಿ ಬಾಯಿ ತೆರೆಯದವಳು ಎದ್ದಳಲ್ಲ ಎಂದು ಎಲ್ಲರೂ ಚಹಾ ಲೋಟ ಕೆಳಗಿಟ್ಟರು. ಅವಳು ಸುತ್ತಿ ಬಳಸಲಿಲ್ಲ. ಬೆಳಗಿನ ಅಳತೆ, ಸಂಜೆಯ ಅಳತೆ, ಬಸ್ಸಿನ ವೇಳೆ, ಎಲ್ಲ ಹೇಳಿದಳು. ತಪ್ಪು ನನ್ನದು ಎಂದೂ ಹೇಳಿದಳು.

ಅಧ್ಯಕ್ಷರು ಮೊದಲು ಕಾರ್ಯದರ್ಶಿಯ ಮುಖ ನೋಡಿದರು, ಆಮೇಲೆ ನಕ್ಕರು. "ಅಲ್ಲಮ್ಮ, ಒಂದು ಸೆಂಟಿಮೀಟರ್‌ಗೆ ಒಂದು ಸೀಮೆ ಮೇಲಾಗುತ್ತೆ, ಒಂದು ಸೀಮೆ ಕೆಳಗಾಗುತ್ತೆ ಅಂದ್ರೆ ಯಾರು ನಂಬ್ತಾರೆ? ಗುಡ್ಡದ ಹುಡುಗಿಯರು ಆಡೋದನ್ನ ನೀವು ನೋಡಿಲ್ವಾ?"

"ಆಡ್ತಾರೆ ಸರ್. ಆರು ವರ್ಷ ಕೋಚ್ ಇಟ್ಟು, ಶೂ ಕೊಟ್ಟು, ಮರದ ನೆಲದ ಮೇಲೆ ದಿನಾ ಆಡಿಸಿದ್ರೆ ಯಾರಾದ್ರೂ ಆಡ್ತಾರೆ. ನಾವು ಒಳಗೆ ಬಿಟ್ಟವರು ಆಟಗಾರ್ತಿಯರಾದ್ರು. ಬಿಡದೆ ಇದ್ದವರು ಆಗಲಿಲ್ಲ. ಒಳಗೆ ಬಿಟ್ಟದ್ದು ನನ್ನ ಕೋಲು."

ಕಾರ್ಯದರ್ಶಿಯವರ ಮುಖ ಕೆಂಪಾಗಿತ್ತು. ಮುದ್ರಿಸಿ ತಂದ ವರದಿಯ ಪ್ರತಿಗಳು ಬಾಗಿಲ ಬಳಿ ಕಟ್ಟುಕಟ್ಟಾಗಿ ಕೂತಿದ್ದವು. "ಅಳತೆಯಕ್ಕ, ನೀವೂ ಬಂದರಿನ ಕಡೆಯವರೇ ಅಲ್ವಾ? ನಿಮ್ಮ ತಂಗಿ ಈಗ ಅಲ್ಲಿ ಕೋಚು ಬೇರೆ. ನಾನು ಏನೂ ಹೇಳ್ತಿಲ್ಲ, ಸುಮ್ನೆ ಕೇಳ್ದೆ."

ಸ್ವಂತ ತಂಗಿಯನ್ನೂ ಬಿಡದವಳು ಎಂದು ಊರಿಗೆಲ್ಲ ಸಾರಿದ ಬಾಯಿಯೇ ಅದು. ಅಳತೆಯಕ್ಕನಿಗೆ ಕೋಪ ಬಂತು. ಏನಾದರೂ ಅಂದುಬಿಟ್ಟರೆ ಕೆಲಸ ಕೆಡುತ್ತದೆ ಎಂದು ಪ್ರವಾಸ ಪಟ್ಟಿಗಳನ್ನು ಅಧ್ಯಕ್ಷರ ಕಡೆ ಸರಿಸಿದಳು. ಕೊನೆಗೆ ಅಧ್ಯಕ್ಷರೇ ಒಂದು ದಾರಿ ಹುಡುಕಿದರು. ಹೇಗೂ ನಾಳೆ ಶನಿವಾರ ಬಂದರಿನ ಆಯ್ಕೆ ಇದೆ. ಬೇಕಾದ ಹೊತ್ತಿಗೆ ಅಳೆಯಿರಿ. ಐದು ಹುಡುಗಿಯರು ನೂರ ಎಪ್ಪತ್ತೆಂಟು ಮುಟ್ಟಿದರೆ ಆ ಸೀಮೆ ಉಳಿಯುತ್ತದೆ. ಇಲ್ಲವಾದರೆ ಸೋಮವಾರ ಠರಾವು ಪಾಸು. ಐದು ಜನ ಒಂದೇ ವರ್ಷ ಆ ಸೀಮೆಯಿಂದ ಯಾವತ್ತೂ ಬಂದಿರಲಿಲ್ಲ. ಅದು ಗೊತ್ತಿದ್ದೇ ಅವರು ಉದಾರರಾದದ್ದು.

ಅಳತೆಗೆ ಮೊದಲು ತಂಗಿಗೆ ಹೇಳಬೇಕಿತ್ತು; ಶನಿವಾರ ಅವಳು ಮಾಮೂಲಿ ಬಸ್ಸಿಗೆ ಕಾಯಲಿಲ್ಲ. ಗಂಡ ಎರಡು ಕಡೆ ಬದಲಾಯಿಸುವ ಒಂದು ಕೆಟ್ಟ ದಾರಿ ಹುಡುಕಿಕೊಟ್ಟ. ಮಧ್ಯಾಹ್ನ ಒಂದಕ್ಕೇ ತಲುಪಿದಳು. ದಾರಿಯುದ್ದಕ್ಕೂ ಕೋಲು ಮಡಿಲಲ್ಲಿಟ್ಟುಕೊಂಡು ತಂಗಿಗೆ ಹೇಳಬೇಕಾದದ್ದನ್ನು ಹೊಂದಿಸುತ್ತಿದ್ದಳು. ಒಂದೂ ಸರಿಬರಲಿಲ್ಲ.

ಶಾಲೆಯ ಅಂಗಳದಲ್ಲಿ ಸದ್ದೇ ಇರಲಿಲ್ಲ. ಬೆಳಗಿನ ಆಟ ಮುಗಿದಿತ್ತು. ಚೆಂಡುಗಳು ಬಲೆಯಲ್ಲಿ ನೇತಾಡುತ್ತಿದ್ದವು. ಉದ್ದನೆಯ ಹಜಾರದ ಬಾಗಿಲು ತಳ್ಳಿದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ನೆಲದ ಮೇಲೆ ಚಾಪೆ ಹಾಸಿ, ಇಪ್ಪತ್ಮೂರು ಹುಡುಗಿಯರು ಸಾಲಾಗಿ ಅಂಗಾತ ಮಲಗಿದ್ದರು. ಮಂಡಿಯ ಕೆಳಗೆ ಶಾಲೆಯ ಚೀಲ, ತಲೆಯ ಕೆಳಗೆ ಏನೂ ಇಲ್ಲ. ಯಾರೂ ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ಬಿಟ್ಟು ಚಾವಣಿ ನೋಡುತ್ತಿದ್ದರು. ಒಬ್ಬಳು ಕೆಮ್ಮಲು ಎದ್ದು ಕೂರಲು ಹೋದಳು. ನಡುವೆ ಓಡಾಡುತ್ತಿದ್ದ ತಂಗಿ ಅವಳ ಭುಜ ಒತ್ತಿ ಮಲಗಿಸಿದಳು. "ಮಲ್ಕೊಂಡೇ ಕೆಮ್ಮು, ಪುಟ್ಟಿ. ಐದೂವರೆ ತನಕ ಏಳಬಾರ್ದು."

ಆಮೇಲೆ ಬಾಗಿಲ ಕಡೆ ನೋಡಿ, "ಬೇಗ ಬಂದುಬಿಟ್ಯಲ್ಲ, ಅಕ್ಕ," ಅಂದಳು.

ಇಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತರು. ಅಕ್ಕನಿಗೆ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

"ನಿಂಗೆ ಗೊತ್ತಿತ್ತಾ?"

"ಇಲ್ಲಿ ಎಲ್ಲರಿಗೂ ಗೊತ್ತು. ಪ್ರತಿವರ್ಷ ಹೀಗೇ ಮಲಗಿಸ್ತೀವಿ. ಸ್ವಲ್ಪ ವಾಪಸ್ ಬರುತ್ತೆ, ಪೂರ್ತಿ ಬರಲ್ಲ."

"ಗೊತ್ತಿದ್ದೂ ನಂಗೆ ಯಾಕೆ ಹೇಳಲಿಲ್ಲ?"

ತಂಗಿ ಅವಳ ಮುಖವನ್ನೇ ನೋಡಿದಳು. ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಹೇಳಿದ್ದೆ. ಅವತ್ತೇ ಹೇಳಿದ್ದೆ. ಬೆಳಿಗ್ಗೆ ಅಳೆ ಅಕ್ಕ, ಬೆಳಿಗ್ಗೆ ನಾನು ನೂರ ಎಪ್ಪತ್ತೆಂಟು ದಾಟ್ತೀನಿ ಅಂತ. ಕಡಿಮೆ ಬಂದವರೆಲ್ಲ ಹೀಗೇ ಏನಾದ್ರೂ ಹೇಳ್ತಾರೆ ಅಂದೆ ನೀನು. ಮುಂದಿನವಳು ಬರಲಿ ಅಂದೆ."

ಅಳತೆಯಕ್ಕನಿಗೆ ಅದು ನೆನಪೇ ಇರಲಿಲ್ಲ. ಎಷ್ಟು ಕೆದಕಿದರೂ ಬರಲಿಲ್ಲ. ತಂಗಿಯ ಎತ್ತರ ಪಾಯಿಂಟ್ ಸಮೇತ ನೆನಪಿತ್ತು, ತಂಗಿ ಆಡಿದ ಮಾತು ಇರಲಿಲ್ಲ. ಅವಳು ಎದ್ದು ಅಂಗಳದಲ್ಲಿ ಆ ತುದಿಗೂ ಈ ತುದಿಗೂ ನಡೆದಳು. ತಂಗಿ ತಡೆಯಲಿಲ್ಲ. ಕೊನೆಗೆ ಬಂದು, "ಹುಡುಗಿಯರನ್ನ ಎಬ್ಬಿಸಿ ಮನೆಗೆ ಕಳಿಸು," ಅಂದಳು. "ನಾಳೆ ಬೆಳಿಗ್ಗೆ ಆರೂವರೆಗೆ ಅಳೀತೀನಿ. ಐದು ಜನ ಬಂದ್ರೆ ಸೀಮೆ ಉಳಿಯುತ್ತೆ. ಬರದೆ ಇದ್ರೆ ಇದೇ ಕೊನೆ."

ಸುದ್ದಿ ಸಂಜೆಯೊಳಗೆ ಬಂದರಿಗೆಲ್ಲ ಹರಡಿತು. ಭಾನುವಾರ ಬೆಳಿಗ್ಗೆ ಆ ಶಾಲೆಯ ಗೇಟಿನ ಮುಂದೆ ನಿಂತು ನೋಡಿದ್ದರೆ ಯಾರಿಗಾದರೂ ನಗು ಬರುತ್ತಿತ್ತು. ಒಬ್ಬಳನ್ನು ಅಪ್ಪ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದ. ಇಬ್ಬರು ಅಕ್ಕತಂಗಿಯರು ಸರಕು ವ್ಯಾನಿನ ಹಿಂದೆ ಹಾಸಿಗೆ ಸಮೇತ. ಒಬ್ಬಳ ಸೋದರಮಾವಂದಿರು ಅವಳನ್ನು ಮಂಚದ ಮೇಲೆಯೇ ಎತ್ತಿ ತಂದಿದ್ದರು. ದಾರಿಯಲ್ಲಿ ಯಾರೋ ಹೆಣವೆಂದು ತಿಳಿದು ಟೋಪಿ ತೆಗೆದರಂತೆ, ಇವಳು ಮಲಗಿದಲ್ಲೇ ಕೈಬೀಸಿದಳಂತೆ. ಅಳತೆಯಕ್ಕ ನಗಲಿಲ್ಲ. ಕೋಲನ್ನು ಗೋಡೆಗೆ ನಿಲ್ಲಿಸಿ, ಮಟ್ಟ ನೋಡಿ, ಮತ್ತೆ ನೋಡಿ, ಮೂರನೆಯ ಸಲವೂ ನೋಡಿದಳು. ಒಬ್ಬೊಬ್ಬಳು ನಿಂತಾಗಲೂ ಮನಸ್ಸಿನಲ್ಲೇ ಐದರ ಲೆಕ್ಕ ಹಾಕುತ್ತಿದ್ದಳು. ಆದರೂ ಒಂದು ಗೆರೆಯಷ್ಟೂ ದಾನ ಮಾಡಲಿಲ್ಲ. ಮಂಚದ ಮೇಲೆ ಬಂದವಳು ನೂರ ಎಪ್ಪತ್ತೇಳು ಪಾಯಿಂಟ್ ಎಂಟು. ಅವಳನ್ನು ಹಾಗೆಯೇ ಬರೆದಳು. ಸೋದರಮಾವಂದಿರು ಖಾಲಿ ಮಂಚ ಎತ್ತಿಕೊಂಡು ಹೋದರು, ಅವಳು ಹಿಂದೆ ನಡೆದುಕೊಂಡು ಹೋದಳು.

ಏಳೂಕಾಲಿಗೆ ಮುಗಿಯಿತು. ನೂರ ಎಪ್ಪತ್ತೆಂಟು ಮುಟ್ಟಿದವರು ಒಂಬತ್ತು ಜನ. ಹೊರಗೆ ಅಂಗಳದಲ್ಲಿ ಕೂಗಾಟ, ಅಳು, ನಗು ಎಲ್ಲ ಒಟ್ಟಿಗೇ ಎದ್ದಿತು. ಹಜಾರದಲ್ಲಿ ಅಕ್ಕತಂಗಿ ಇಬ್ಬರೇ ಉಳಿದರು. ತಂಗಿ ಪಟ್ಟಿಯನ್ನು ಎರಡು ಸಲ ಓದಿ ಮಡಚಿ ಕೊಟ್ಟಳು.

ಅಳತೆಯಕ್ಕ ಕೋಲಿನ ಪಕ್ಕದಿಂದ ಕದಲಲಿಲ್ಲ. "ನೀನೂ ನಿಲ್ಲು," ಅಂದಳು.

"ನಾನ್ಯಾಕೆ?"

"ಒಂದು ಸಲ. ಪುಸ್ತಕದಲ್ಲಿ ತಿದ್ದಿ ಬರೀತೀನಿ."

"ಬೇಡ," ಎಂದಳು ತಂಗಿ. "ನನ್ನ ಎತ್ತರ ನಂಗೆ ಅವತ್ತೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನಿಂಗೆ. ನಿಂಗೆ ಸಮಾಧಾನ ಆಗ್ಲಿ ಅಂತ ಈಗ ನಾನು ಕೋಲಿಗೆ ನಿಲ್ಲಲ್ಲ."

ಅಕ್ಕ ತಲೆ ತಗ್ಗಿಸಿದಳು. ಫೋನಿನಲ್ಲಿ ಮೂರು ಸಲ ಹೇಳಲಾಗದ ಮಾತು ಕೊನೆಗೂ ಹೊರಗೆ ಬಂತು. "ತಪ್ಪಾಯ್ತು ಕಣೇ. ಹೇಳಿದ್ರೂ ಕೇಳಲಿಲ್ಲ ನಾನು. ನೀನು ಲೀಗಿನಲ್ಲಿ ಇರಬೇಕಾದವಳು. ಎಷ್ಟು ಚೆನ್ನಾಗಿ ಆಡ್ತಿದ್ದೆ."

"ಅದು ನಿಂಗೆ ಹೇಗೆ ಗೊತ್ತು?" ಎಂದಳು ತಂಗಿ. ಅವಳ ದನಿ ಮೊದಲ ಸಲ ಒಡೆಯಿತು. "ಎಲ್ಲರೂ ಹೇಳಿದ್ದನ್ನ ನೀನೂ ಹೇಳ್ತಿದ್ದೀಯ. ಆಟ ಇರ್ತಾ ಇದ್ದದ್ದು ಬೆಳಿಗ್ಗೆ. ನೀನು ಬರ್ತಾ ಇದ್ದದ್ದು ನಾಲ್ಕೂವರೆ ಬಸ್ಸಿಗೆ. ನಾನು ಆಡೋದನ್ನ ನೀನು ಒಂದು ದಿನಾನೂ ನೋಡಿಲ್ಲ, ಅಕ್ಕ."

ಅದು ನಿಜವಾಗಿತ್ತು. ಅಳತೆಯಕ್ಕ ಗೋಡೆಗೆ ಒರಗಿ ನೆಲಕ್ಕೆ ಕೂತಳು. ಹೊರಗೆ ಹುಡುಗಿಯರು ಕರೆದರೆಂದು ತಂಗಿ ಸೆರಗಿನಿಂದ ಮುಖ ಒರೆಸಿಕೊಂಡು, ಚೆಂಡಿನ ಬಲೆ ಹೆಗಲಿಗೆ ಹಾಕಿಕೊಂಡು ಹೋದಳು.